ಹತ್ತರೊಳಗೆ, ಹತ್ತರ ತನಕ

2011ರ ಜೂನ್ ಮೊದಲ ವಾರ. ಕಮಲಾಪುರದಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆ ಬಿಡುವ ಹೊತ್ತು. ಗೇಟಿನ ಹತ್ತಿರ ಒಬ್ಬ ಬಾಳೆ ರೈತರು ಮಗಳ ಜೊತೆ ನಿಂತಿದ್ದರು. ಹುಡುಗಿ ಆ ವರ್ಷವೇ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ತಂದೆಯ ಕೈಯಲ್ಲಿ ಒಂದು ಲಕೋಟೆ ಇತ್ತು. ಬೆಂಗಳೂರಿನ ಒಂದು ಸಂಸ್ಥೆ ಅವಳಿಗೆ ವಿಜ್ಞಾನ ವಿಭಾಗದಲ್ಲಿ ಸೀಟು ಕೊಟ್ಟಿತ್ತು. ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳಬೇಕೆಂದು ನನ್ನ ಹತ್ತಿರ ಬಂದಿದ್ದರು.

ನಾನು ಓದಿದೆ. ಮೂಲ ದಾಖಲೆಗಳ ಬಗ್ಗೆ ಇದ್ದದ್ದು ಒಂದೇ ಸಾಲು: ‘ಶುಡ್ ಬಿ ಸಬ್ಮಿಟೆಡ್ ಟು ದಿ ಆಫೀಸ್ ಬೈ ಟೆಂತ್ ಜೂನ್.’ ನಾನು ಹೇಳಿದೆ: “ಹತ್ತನೇ ತಾರೀಖಿನ ತನಕ ಟೈಮ್ ಅದ. ಅವಸರ ಇಲ್ಲ.”

ಆ ತಂದೆ ಸುಮ್ಮನೆ ತಲೆಯಾಡಿಸಲಿಲ್ಲ. ಒಂದು ಕ್ಷಣ ಯೋಚಿಸಿ ಕೇಳಿದರು: “ಹತ್ತರ ತನಕ ಕಳಸಬಹುದಾ ಸರ್, ಇಲ್ಲಾ ಹತ್ತರೊಳಗ ಅಲ್ಲಿ ಮುಟ್ಟಿರಬೇಕಾ?”

ನಾನು ಉತ್ತರ ಕೊಟ್ಟೆ: “ಎರಡೂ ಒಂದೇ.”

ಎರಡೂ ಒಂದೇ ಅಲ್ಲ. ಅದನ್ನು ನಾನು ತಿಳಿದುಕೊಂಡದ್ದು ಒಬ್ಬ ಹುಡುಗಿಯ ಸೀಟು ಹೋದ ಮೇಲೆ.

ಆದಾಯ ಪ್ರಮಾಣಪತ್ರ ಅವರ ಕೈಗೆ ಬಂದದ್ದು 8ನೇ ತಾರೀಖಿಗೆ. ನಾನು ಸರಿಯಾಗಿ ಹೇಳಿದ್ದರೆ ಅವರು 9ರ ರಾತ್ರಿ ಕಲಬುರಗಿಯಲ್ಲಿ ರೈಲು ಹತ್ತಿ, 10ರ ದಿನ ಆ ಕಚೇರಿಯ ಮುಂದೆ ನಿಂತಿರುತ್ತಿದ್ದರು. ಮೇಷ್ಟ್ರು ಹತ್ತರ ತನಕ ಅಂದಿದ್ದಾರೆಂದು ನಂಬಿ, ಎಲ್ಲ ಕಾಗದಕ್ಕೂ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಗಳನ್ನು 10ನೇ ತಾರೀಖು ಶುಕ್ರವಾರ ರಿಜಿಸ್ಟರ್ಡ್ ಅಂಚೆಗೆ ಹಾಕಿದರು. ಅದು ಬೆಂಗಳೂರು ಮುಟ್ಟುವಷ್ಟರಲ್ಲಿ ಮುಂದಿನ ವಾರ ಶುರುವಾಗಿತ್ತು. ಸೀಟು ಕಾಯುವವರ ಪಟ್ಟಿಯಲ್ಲಿದ್ದ ಮತ್ತೊಬ್ಬರಿಗೆ ಹೋಗಿತ್ತು. ಸಂಸ್ಥೆಯ ತಪ್ಪು ಇದರಲ್ಲಿ ಏನೂ ಇಲ್ಲ. ಅವರು ಬರೆದದ್ದು ಸರಿಯಾಗಿಯೇ ಇತ್ತು. ಓದಿದವನು ನಾನು.

ಅಂಚೆ ರಸೀದಿ ಹಿಡಿದುಕೊಂಡು ಆ ತಂದೆ ಮತ್ತೆ ಬಂದರು. ಅದರ ಮೇಲೆ 10ರ ಮುದ್ರೆ ಸ್ಪಷ್ಟವಾಗಿ ಬಿದ್ದಿತ್ತು. “ಹತ್ತಕ್ಕೇ ಹಾಕೀವಲ್ಲ ಸರ್, ಮತ್ಯಾಕ ಹಿಂಗ ಆತು?” ಎಂದು ಕೇಳಿದರು. ಜಗಳಕ್ಕೆ ಬಂದವರಲ್ಲ. ನಾನು ಸಂಸ್ಥೆಗೆ ಫೋನ್ ಮಾಡಿ ಮಾತಾಡಬಲ್ಲೆ ಎಂಬ ಭರವಸೆಯಲ್ಲಿ ಬಂದಿದ್ದರು. ಮಾತಾಡಿದೆ. ಆ ಕಡೆಯವರು ಸಮಾಧಾನದಿಂದಲೇ ಅದೇ ಸಾಲನ್ನು ನನಗೆ ಓದಿ ಹೇಳಿದರು. ‘ಬೈ ಟೆಂತ್’ ಎನ್ನುವಾಗ ಅವರ ದನಿ ಸ್ವಲ್ಪ ನಿಧಾನವಾಯಿತು. ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಆ ರಾತ್ರಿ ಕಲಬುರಗಿಗೆ ಮರಳುವ ಬಸ್ಸಿನಲ್ಲಿ, ಮಹಾಗಾಂವ ಕ್ರಾಸ್ ದಾಟುವವರೆಗೆ, ನನ್ನ ತಪ್ಪಿನ ಬುಡ ಎಲ್ಲಿದೆ ಎಂದು ಹುಡುಕುತ್ತಾ ಕುಳಿತಿದ್ದೆ. ಸಿಕ್ಕಿತು. ಅದು ನನ್ನ ಐದನೇ ತರಗತಿಯ ಕಪ್ಪು ಹಲಗೆಯ ಮೇಲಿತ್ತು.

ನಮ್ಮ ಕಾಲದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಿಂದ. ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು 2007ರಲ್ಲಿ. ನಮಗೆ ಐದನೆಯಲ್ಲಿ ಎಬಿಸಿಡಿ ಮುಗಿದ ಕೂಡಲೇ ಒಂದು ಪಟ್ಟಿ ಬರೆಸಿದ್ದರು. ಇನ್ ಅಂದರೆ ಒಳಗೆ. ಆನ್ ಅಂದರೆ ಮೇಲೆ. ಟು ಅಂದರೆ ಗೆ. ಫ್ರಮ್ ಅಂದರೆ ಇಂದ. ವಿತ್ ಅಂದರೆ ಸಂಗಡ. ಬೈ ಅಂದರೆ ಇಂದ. ಕನ್ನಡ ವ್ಯಾಕರಣದಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’ ಎಂದು ಕಲಿತಿದ್ದೆವು. ಇಂಗ್ಲಿಷ್ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗಕ್ಕೆ ‘ಬೈ’ ಬಂತು. ರಾಮನಿಂದ ರಾವಣ ಕೊಲ್ಲಲ್ಪಟ್ಟನು. ಎರಡನ್ನೂ ಸೇರಿಸಿ ಗಂಟು ಹಾಕಿ, ಬಾಯಿಪಾಠ ಮಾಡಿದೆವು. ನಾನು ಮೇಷ್ಟ್ರಾದಾಗ ಅದೇ ಪಟ್ಟಿಯನ್ನು ಅದೇ ಕ್ರಮದಲ್ಲಿ ನನ್ನ ಮಕ್ಕಳಿಗೆ ಬರೆಸಿದೆ. ಹನ್ನೊಂದು ವರ್ಷ ಬರೆಸಿದೆ.

ಈ ಪಟ್ಟಿ ನನ್ನನ್ನು ಎಲ್ಲಿ ಕುರುಡಾಗಿಸಿತು ನೋಡಿ. ‘ಹತ್ತರಿಂದ’ ಎಂದರೆ ಆ ವಾಕ್ಯಕ್ಕೆ ಅರ್ಥವೇ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಹಾಗಾಗಿ ಪಟ್ಟಿ ಬಿಟ್ಟು ಅಂದಾಜಿಗೆ ಹೊರಟೆ. ಆ ತಂದೆ ‘ಒಳಗ’ ಎಂಬ ಸರಿಯಾದ ಮಾತನ್ನು ನನ್ನ ಕೈಗೇ ಕೊಟ್ಟರು. ಆದರೆ ನನ್ನ ಪಟ್ಟಿಯಲ್ಲಿ ‘ಒಳಗೆ’ ಎಂಬುದು ಆಗಲೇ ‘ಇನ್’ಗೆ ಮೀಸಲಾಗಿತ್ತು. ಪತ್ರದಲ್ಲಿ ‘ಇನ್’ ಇರಲಿಲ್ಲ. ಆದ್ದರಿಂದ ‘ಒಳಗ’ ಅಲ್ಲ ಎಂದುಕೊಂಡೆ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಎಂಬ ನಂಬಿಕೆ, ಎದುರಿಗೇ ನಿಂತ ಉತ್ತರವನ್ನು ಕಾಣದಂತೆ ಮಾಡಿತು.

ಮರುವಾರ ಅವರ ಹೊಲಕ್ಕೆ ಹೋದೆ. ಕಮಲಾಪುರದ ಕೆಂಪು ಬಾಳೆ ನಮ್ಮ ಭಾಗದ ಹೆಮ್ಮೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆ ಅದು. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಬೇಡುತ್ತದೆ, ಹೆಚ್ಚು ತಾಳ್ಮೆ ಬೇಡುತ್ತದೆ. ಅವತ್ತು ಕಟಾವಿನ ದಿನ. ನಾನು ನೇರವಾಗಿ ಹೇಳಿದೆ: “ತಪ್ಪು ನಂದು. ನೀವು ಕೇಳಿದ್ದು ಸರಿ ಇತ್ತು. ಹತ್ತರೊಳಗ ಮುಟ್ಟಬೇಕು ಅಂತ ಬರೆದಿತ್ತು. ನಾನೇ ತಪ್ಪು ಹೇಳಿದೆ.” ಹುಡುಗಿ ಅಲ್ಲೇ ಗೊನೆಗಳ ಹತ್ತಿರ ನಿಂತಿದ್ದಳು. ಅವಳು ಏನೂ ಮಾತಾಡಲಿಲ್ಲ. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆಳುಗಳ ಕಡೆ ತಿರುಗಿ ಕೂಗಿದರು: “ಲಾರಿ ಬರೂದ್ರೊಳಗ ಗೊನಿ ಎಲ್ಲಾ ದಾರಿಗಿ ತಂದಿಡ್ರಿ. ಲಾರಿ ಬರೂ ತನಕ ಕಡೀಕೋತ ಕುಂದ್ರಬ್ಯಾಡ್ರಿ.”

ಅವರು ನನಗೆ ಪಾಠ ಹೇಳಲು ಹಾಗೆ ಅಂದದ್ದಲ್ಲ. ಅದು ಅವರ ದಿನದ ಕೆಲಸದ ಮಾತು. ಆದರೆ ‘ಬೈ’ ಮತ್ತು ‘ಅನ್‌ಟಿಲ್’ ನಡುವಿನ ಅಂತರವನ್ನು ಅದಕ್ಕಿಂತ ಚೆನ್ನಾಗಿ ಹೇಳಿದ ವ್ಯಾಕರಣ ಪುಸ್ತಕವನ್ನು ನಾನು ಈವರೆಗೆ ಓದಿಲ್ಲ. ‘ಒಳಗ’ ಎಂದರೆ ಕೆಲಸ ಮುಗಿದಿರಬೇಕಾದ ಗಡಿ. ‘ತನಕ’ ಎಂದರೆ ಕೆಲಸ ನಡೆಯುತ್ತಲೇ ಇರುವ ಅವಧಿ. ಗಡಿಗೆ ‘ಬೈ’. ಅವಧಿಗೆ ‘ಅನ್‌ಟಿಲ್’ ಅಥವಾ ‘ಟಿಲ್’. ಮುಗಿಯುವ ಕೆಲಸಗಳು, ಅಂದರೆ ಮುಟ್ಟುವುದು, ಸಲ್ಲಿಸುವುದು, ಕಟ್ಟುವುದು, ಹಿಂತಿರುಗಿಸುವುದು, ‘ಬೈ’ ಬೇಡುತ್ತವೆ. ನಡೆಯುತ್ತಲೇ ಇರುವ ಕೆಲಸಗಳು, ಅಂದರೆ ಕಾಯುವುದು, ಇರುವುದು, ತೆರೆದಿರುವುದು, ‘ಅನ್‌ಟಿಲ್’ ಬೇಡುತ್ತವೆ. ‘ಆಫೀಸ್ ಈಸ್ ಓಪನ್ ಅನ್‌ಟಿಲ್ ಫೈವ್’ ಎಂದರೆ ಐದರ ತನಕ ಬಾಗಿಲು ತೆರೆದಿರುತ್ತದೆ. ‘ಕಮ್ ಬೈ ಫೈವ್’ ಎಂದರೆ ಐದರೊಳಗೆ ನೀವು ಅಲ್ಲಿರಬೇಕು.

ಇಲ್ಲ ಎನ್ನುವ ವಾಕ್ಯದಲ್ಲಿ ಈ ಭೇದ ಇನ್ನೂ ತೀಕ್ಷ್ಣವಾಗುತ್ತದೆ. ಸೋಮವಾರದ ತನಕ ಬರುವುದಿಲ್ಲ ಎಂದರೆ ಸೋಮವಾರ ಬರುವ ನಿರೀಕ್ಷೆ ಇದೆ. ಅದು ‘ನಾಟ್ ಅನ್‌ಟಿಲ್ ಮಂಡೆ’. ಸೋಮವಾರದೊಳಗೆ ಬರುವುದಿಲ್ಲ ಎಂದರೆ ಸೋಮವಾರ ಮುಗಿದರೂ ಬಂದಿರುವುದಿಲ್ಲ. ಅದು ‘ನಾಟ್ ಬೈ ಮಂಡೆ’. ಇವುಗಳ ವ್ಯತ್ಯಾಸ ಕನ್ನಡ ಮಾತಾಡುವ ಏಳು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷ್ ಕಲಿಸುವ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದ ಕನ್ನಡವನ್ನು ಇಂಗ್ಲಿಷ್ ಓದುವಾಗ ಹೊರಗೆ ಬಿಟ್ಟು ಬರುತ್ತಿದ್ದೆ. ಅದೇ ನನ್ನ ನಿಜವಾದ ತಪ್ಪು.

ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ನಾನು ‘ಬೈ’ ಒಂದನ್ನೇ ಹಿಡಿದು ಕುಳಿತೆ. ಕಣ್ಣಿಗೆ ಬಿದ್ದ ಪ್ರತಿ ವಾಕ್ಯವನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಬ್ಯಾಂಕಿನ ಫಾರಂ, ಪತ್ರಿಕೆ, ಪರೀಕ್ಷೆಯ ಸುತ್ತೋಲೆ, ಔಷಧಿ ಡಬ್ಬಿ ಯಾವುದನ್ನೂ ಬಿಡಲಿಲ್ಲ. ಪ್ರತಿ ವಾಕ್ಯದ ಮುಂದೆ, ಅದನ್ನು ನಮ್ಮವ್ವ ಹೇಳಿದ್ದರೆ ಹೇಗೆ ಹೇಳುತ್ತಿದ್ದಳು ಎಂದು ಬರೆದೆ. ಕೊನೆಗೆ ನೋಡಿದರೆ ‘ಬೈ’ ಎಂಬ ಒಂದು ಪುಟ್ಟ ಪದದ ಎದುರು ಕನ್ನಡದ ಎಂಟು ಹತ್ತು ಬೇರೆ ಬೇರೆ ರೂಪಗಳು ನಿಂತಿದ್ದವು. ಅವುಗಳಲ್ಲಿ ನಮ್ಮ ಮಕ್ಕಳು ಹೆಚ್ಚು ಎಡವುವ ಕೆಲವನ್ನು ಇಲ್ಲಿ ಹೇಳುತ್ತೇನೆ.

ಈ ಪದದ ಹಳೆಯ ಅರ್ಥ ಪಕ್ಕ, ಹತ್ತಿರ. ಕಲಬುರಗಿಯ ಶರಣಬಸವೇಶ್ವರ ಗುಡಿ ಅಪ್ಪನ ಕೆರೆಯ ಪಕ್ಕದಲ್ಲಿದೆ ಎನ್ನಲು ‘ಬೈ ದಿ ಲೇಕ್’ ಎನ್ನಬಹುದು. ಪಕ್ಕದಲ್ಲಿ ನಿಂತು ನೋಡುವವನು ‘ಬೈಸ್ಟ್ಯಾಂಡರ್’ ಆದದ್ದು ಹೀಗೆಯೇ. ‘ಬೈ ಟೆಂತ್’ ಎನ್ನುವಾಗಲೂ ಈ ಹತ್ತಿರದ ನೆರಳನ್ನು ಕಾಣಬಹುದು: ಆ ದಿನದ ಬದಿಗೆ ಬಂದು ಮುಟ್ಟಿರಬೇಕು, ದಾಟಬಾರದು. ಹೀಗೆ ನೋಡತೊಡಗಿದ ಮೇಲೆ ಈ ಪದದ ಬೇರೆ ಬೇರೆ ಅರ್ಥಗಳು ನನಗೆ ಚದುರಿದ ಕಲ್ಲುಗಳಂತೆ ಕಾಣಲಿಲ್ಲ. ಒಂದೇ ಬುಡದ ಕೊಂಬೆಗಳಂತೆ ಕಂಡವು.

ಎರಡನೆಯದು, ಮಾಡಿದವರು ಯಾರು ಎಂದು ಹೇಳುವ ‘ಬೈ’. ಇಲ್ಲಿ ‘ಇಂದ’ ಎಂಬ ಪಾಠ ಪೂರ್ತಿ ಸುಳ್ಳಲ್ಲ. ಆದರೆ ನಾವು ಮಾತಾಡುವಾಗ ‘ಕುವೆಂಪು ಅವರಿಂದ ಬರೆಯಲ್ಪಟ್ಟ ಪುಸ್ತಕ’ ಎನ್ನುತ್ತೇವೆಯೇ? ‘ಕುವೆಂಪು ಬರೆದ ಪುಸ್ತಕ’ ಎನ್ನುತ್ತೇವೆ. ಕನ್ನಡಕ್ಕೆ ಇಲ್ಲಿ ‘ಇಂದ’ವೇ ಬೇಕಿಲ್ಲ. ಇನ್ನೊಂದು ಕಡೆ, ‘ಇಂದ’ ಇದ್ದಲ್ಲೆಲ್ಲ ‘ಬೈ’ ಹಾಕಲೂ ಬರುವುದಿಲ್ಲ. ಕುಡುಗೋಲಿನಿಂದ ಕೊಯ್ದರೆ ‘ವಿತ್ ಎ ಸಿಕಲ್’, ಏಕೆಂದರೆ ಕುಡುಗೋಲು ಸಾಧನ. ಕಲಬುರಗಿಯಿಂದ ಬಂದರೆ ‘ಫ್ರಮ್’. ಸೋಮವಾರದಿಂದ ಜ್ವರ ಇದ್ದರೆ ‘ಸಿನ್ಸ್ ಮಂಡೆ’. ನಮ್ಮ ಒಂದು ‘ಇಂದ’ ಇಂಗ್ಲಿಷಿನಲ್ಲಿ ನಾಲ್ಕು ಬಾಗಿಲಿಗೆ ಹೋಗುತ್ತದೆ. ಅವರ ಒಂದು ‘ಬೈ’ ನಮ್ಮಲ್ಲಿ ಎಂಟು ಹತ್ತು ಬಾಗಿಲಿಗೆ ಬರುತ್ತದೆ.

ಮೂರನೆಯದು ಪ್ರಯಾಣ. ನಮ್ಮ ಕಡೆ ‘ಬಸ್ಸಿಗೆ ಬಂದೆ’ ಎನ್ನುತ್ತೇವೆ. ಅದು ‘ಬೈ ಬಸ್’. ಇಲ್ಲಿ ‘ಬೈ’ ಆದ ಮೇಲೆ ‘ಎ’, ‘ದಿ’, ‘ಮೈ’ ಯಾವುದೂ ಬರುವುದಿಲ್ಲ. ನನ್ನ ಸ್ವಂತ ಕಾರಿನಲ್ಲಿ ಬಂದೆ ಎನ್ನಬೇಕಾದರೆ ‘ಇನ್ ಮೈ ಕಾರ್’. ನಡೆದು ಬಂದೆ ಎನ್ನಲು ನಮ್ಮ ಮಕ್ಕಳಷ್ಟೇ ಅಲ್ಲ, ನಾವು ಮೇಷ್ಟ್ರುಗಳೂ ‘ಬೈ ವಾಕ್’ ಎನ್ನುತ್ತೇವೆ. ಅದು ‘ಆನ್ ಫುಟ್’ ಆಗಬೇಕು.

ನಾಲ್ಕನೆಯದು ಎಷ್ಟು ಎಂದು ಹೇಳುವ ‘ಬೈ’. ಇದು ಹಣದ ವಿಷಯವಾದ್ದರಿಂದ ಗಮನವಿಟ್ಟು ಓದಬೇಕು. ಒಂದು ಮಾಲಿನ ದರ ಐವತ್ತು ರೂಪಾಯಿ ಇತ್ತು ಎಂದುಕೊಳ್ಳಿ. ‘ಹತ್ತು ರೂಪಾಯಿ ಇಳಿಯಿತು’ ಎಂದರೆ ಈಗ ನಲವತ್ತು. ‘ಹತ್ತು ರೂಪಾಯಿಗೆ ಇಳಿಯಿತು’ ಎಂದರೆ ಈಗ ಹತ್ತೇ. ಮೊದಲನೆಯದು ‘ಬೈ ಟೆನ್’, ಎರಡನೆಯದು ‘ಟು ಟೆನ್’. ಕನ್ನಡದಲ್ಲಿ ಒಂದು ‘ಗೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಈ ಎರಡು ಪದಗಳು ಹಂಚಿಕೊಂಡಿವೆ. ನಮ್ಮ ತೊಗರಿ ಬೆಳೆಗಾರರು, ಬಾಳೆ ಬೆಳೆಗಾರರು ಇಂಗ್ಲಿಷಿನಲ್ಲಿ ಬರುವ ದರದ ಕಾಗದ ಓದುವಾಗ ಈ ಒಂದು ಪದದ ಮೇಲೆ ಬೆರಳಿಟ್ಟು ಓದಬೇಕು.

ಐದನೆಯದು ‘ಬೈ ದಿ ಟೈಮ್’. ‘ನಾನು ಸ್ಟಾಪ್ ಮುಟ್ಟುವಷ್ಟರಲ್ಲಿ ಬಸ್ ಹೋಗಿತ್ತು.’ ನಮ್ಮ ‘ಅಷ್ಟರಲ್ಲಿ’ಗೂ ‘ಹೋಗಿತ್ತು’ಗೂ ಇರುವ ನಂಟೇ ಇಂಗ್ಲಿಷಿನಲ್ಲಿ ‘ಬೈ ದಿ ಟೈಮ್’ಗೂ ‘ಹ್ಯಾಡ್ ಲೆಫ್ಟ್’ಗೂ ಇದೆ. ಇದನ್ನು ಸೂತ್ರವಾಗಿ ಕಲಿಸಿದಾಗ ನನ್ನ ತರಗತಿಯಲ್ಲಿ ಮೂರು ಮಕ್ಕಳಿಗೆ ತಿಳಿಯುತ್ತಿತ್ತು. ತಪ್ಪಿದ ಬಸ್ಸಿನ ಕಥೆಯಾಗಿ ಕಲಿಸಿದಾಗ ಹಿಂದಿನ ಬೆಂಚಿನಿಂದಲೂ ಕೈ ಎದ್ದವು.

ಉಳಿದವು ನಮಗೆ ಗೊತ್ತಿದ್ದೂ ಗೊತ್ತಿಲ್ಲದವು. ಹೋಟೆಲಿನಲ್ಲಿ ಕೇಳುವ ‘ವನ್ ಬೈ ಟು’ ಚಹಾ, ಮನೆ ಕಟ್ಟುವಾಗ ಹೇಳುವ ‘ತರ್ಟಿ ಬೈ ಫಾರ್ಟಿ’ ಸೈಟು, ಒಬ್ಬೊಬ್ಬರಾಗಿ ಬನ್ನಿ ಎನ್ನುವ ‘ವನ್ ಬೈ ವನ್’. ಇಂಗ್ಲಿಷ್ ಬರುವುದಿಲ್ಲ ಎನ್ನುವವರ ಬಾಯಲ್ಲೂ ಈ ಪದ ದಿನವೂ ಸರಿಯಾಗಿಯೇ ಓಡಾಡುತ್ತದೆ. ಅವರು ಅದನ್ನು ಪಟ್ಟಿಯಿಂದ ಕಲಿತವರಲ್ಲ, ಬಳಕೆಯಿಂದ ಕಲಿತವರು.

ಗಡುವಿನ ವಿಷಯದಲ್ಲಿ ಇನ್ನೆರಡು ಎಚ್ಚರಿಕೆ ಹೇಳಲೇಬೇಕು. ಕನ್ನಡದ ‘ಒಳಗೆ’ ಎರಡು ಇಂಗ್ಲಿಷ್ ಪದಗಳಿಗೆ ಹೊಂದುತ್ತದೆ. ತಾರೀಖು ಹೇಳಿದರೆ ‘ಬೈ’: ಹತ್ತನೇ ತಾರೀಖಿನೊಳಗೆ, ‘ಬೈ ಟೆಂತ್’. ಅವಧಿ ಹೇಳಿದರೆ ‘ವಿದಿನ್’: ಹತ್ತು ದಿನದೊಳಗೆ, ‘ವಿದಿನ್ ಟೆನ್ ಡೇಸ್’. ಎರಡನೆಯ ಎಚ್ಚರಿಕೆ: ‘ಬೈ ಟೆಂತ್’ನಲ್ಲಿ ಹತ್ತನೇ ತಾರೀಖು ಸೇರುತ್ತದೆ, ‘ಬಿಫೋರ್ ಟೆಂತ್’ನಲ್ಲಿ ಸೇರುವುದಿಲ್ಲ. ಸರ್ಕಾರಿ ಪತ್ರಗಳಲ್ಲಿ ‘ಆನ್ ಆರ್ ಬಿಫೋರ್’ ಎಂದು ಬಿಡಿಸಿ ಬರೆಯುವುದು ಈ ಗೊಂದಲ ಬೇಡವೆಂದೇ. ಆ ನಾಲ್ಕು ಅಕ್ಷರ ಹೆಚ್ಚು ಬರೆಯುವ ಕಚೇರಿ ಓದುವವನಿಗೆ ಉಪಕಾರ ಮಾಡುತ್ತದೆ.

ಈಗ ನನ್ನ ತರಗತಿಯಲ್ಲಿ ಆ ಹಳೆಯ ಪಟ್ಟಿ ಇಲ್ಲ. ಇಂಗ್ಲಿಷ್ ಪದಕ್ಕೆ ಕನ್ನಡ ಪದ ಬರೆಸುವುದನ್ನು ನಿಲ್ಲಿಸಿದ್ದೇನೆ. ವಾಕ್ಯಕ್ಕೆ ವಾಕ್ಯ ಬರೆಸುತ್ತೇನೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ನಾಮಪದದ ಮುಂದೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಅದೇ ಕೆಲಸ ಮಾಡುವ ಪ್ರತ್ಯಯ, ಅವ್ಯಯಗಳು ಹಿಂದೆ ಬಂದು ಅಂಟುತ್ತವೆ. ಆದ್ದರಿಂದ ಮಕ್ಕಳಿಗೆ ಹೇಳುತ್ತೇನೆ: ಮೊದಲು ಕನ್ನಡ ವಾಕ್ಯದ ಬಾಲ ನೋಡಿ. ‘ಒಳಗೆ’ ಇದೆಯೋ, ‘ತನಕ’ ಇದೆಯೋ, ‘ಗೆ’ ಇದೆಯೋ, ಏನೂ ಇಲ್ಲವೋ. ಆ ಬಾಲ ಸರಿಯಾಗಿ ಕಂಡರೆ ಇಂಗ್ಲಿಷಿನ ತಲೆ ತಪ್ಪುವುದಿಲ್ಲ.

ನಾವು ಬದುಕುವ ನೆಲವನ್ನು ನೆನೆದಾಗ ನನಗೆ ಇನ್ನೂ ನಾಚಿಕೆಯಾಗುತ್ತದೆ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಸರಿಯಾದ ಮಾತು ಯಾವುದು, ತಪ್ಪಾದದ್ದು ಯಾವುದು ಎಂದು ಅಷ್ಟು ಹಿಂದೆಯೇ ಚರ್ಚಿಸಿದ ನೆಲದಲ್ಲಿ ನಿಂತು, ಒಬ್ಬ ರೈತ ತನ್ನ ಮಾತಿನಲ್ಲಿ ಅಷ್ಟು ನಿಖರವಾಗಿ ಕೇಳಿದ ಪ್ರಶ್ನೆಗೆ ‘ಎರಡೂ ಒಂದೇ’ ಎಂದೆ. ಅವರ ಭಾಷೆಗೆ ಸೂಕ್ಷ್ಮ ಇಲ್ಲ, ಸೂಕ್ಷ್ಮ ಏನಿದ್ದರೂ ಪತ್ರದ ಇಂಗ್ಲಿಷಿನಲ್ಲಿದೆ ಎಂಬ ಭಾವನೆ ನನ್ನೊಳಗೆ ಎಲ್ಲೋ ಇತ್ತು. ಪದದ ಅರ್ಥ ತಪ್ಪಿದ್ದಕ್ಕಿಂತ ಈ ಭಾವನೆ ದೊಡ್ಡ ತಪ್ಪು.

ಆ ಹುಡುಗಿ ಆ ವರ್ಷ ವಿಜ್ಞಾನಕ್ಕೆ ಸೇರಲಿಲ್ಲ. ಪಟ್ಟಣದಲ್ಲಿ ಖರ್ಚು ಮಾಡಿ ಓದಿಸುವ ಶಕ್ತಿ ಮನೆಗಿರಲಿಲ್ಲ. ಕಲಾ ವಿಭಾಗಕ್ಕೆ ಸೇರಿದಳು, ಕಲಬುರಗಿಯಲ್ಲಿ ಬಿಎ ಮುಗಿಸಿದಳು, ಮದುವೆಯಾಗಿ ಈಗ ಬೇರೆ ಊರಿನಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಅವಳು ಚೆನ್ನಾಗಿರುವುದು ಅವಳ ಗಟ್ಟಿತನ. ನನ್ನ ತಪ್ಪನ್ನು ಅದು ಅಳಿಸುವುದಿಲ್ಲ. ಆಯ್ಕೆ ಮಾಡಿಕೊಳ್ಳುವ ಹಕ್ಕು ಅವಳದಾಗಿತ್ತು. ಅದನ್ನು ನಾನು ಎರಡು ಮಾತಿನಲ್ಲಿ ಕಳೆದೆ.

ನನ್ನಂಥ ಮೇಷ್ಟ್ರುಗಳಿಗೆ ಒಂದು ಬಿನ್ನಹ. ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಇಂಗ್ಲಿಷ್ ಕಾಗದ ಬಂದಾಗ ಜನ ಮೊದಲು ನಮ್ಮ ಹತ್ತಿರ ಬರುತ್ತಾರೆ. ಸಾಲದ ನೋಟಿಸು, ಆಸ್ಪತ್ರೆಯ ಚೀಟಿ, ಸೀಟಿನ ಪತ್ರ, ಕೆಲಸದ ಕರೆ. ಒಮ್ಮೆ ಓದಿದ್ದು ಸಾಲದು, ಎರಡು ಸಲ ಓದಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಫೋನ್ ಮಾಡಿ ಕೇಳಿ. ಕೇಳುವವರು ಕನ್ನಡದಲ್ಲಿ ಎರಡು ದಾರಿ ಇಟ್ಟು ‘ಇದಾ, ಅದಾ’ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಗೌರವದಿಂದ ಕೈಗೆತ್ತಿಕೊಳ್ಳಿ. ಬಹಳ ಸಲ ಉತ್ತರ ಅದರೊಳಗೇ ಇರುತ್ತದೆ.

ಕಲಿಯುವವರಿಗೂ ಒಂದು ಮಾತು. ಗಡುವಿನ ಪತ್ರ ಕೈಗೆ ಬಂದಾಗ ಆ ತಂದೆ ಕೇಳಿದ್ದನ್ನೇ ನೀವೂ ಕೇಳಿಕೊಳ್ಳಿ: ಹತ್ತರ ತನಕ ಕಳಿಸಬಹುದೋ, ಹತ್ತರೊಳಗೆ ಮುಟ್ಟಿರಬೇಕೋ? ‘ಬೈ ಟೆಂತ್’ ಎಂದು ಬರೆದಿದ್ದರೆ ಹತ್ತರೊಳಗೆ ಮುಟ್ಟಿರಬೇಕು. ಹತ್ತು ಸೇರುತ್ತದೆ. ಹನ್ನೊಂದು ಸೇರುವುದಿಲ್ಲ.